ಸಾತವ್ವನ ಸವತಿ

ಕೆಂಪವ್ವ ಬಚ್ಚಲಲ್ಲಿ ಜಾರಿ ಬಿದ್ದದ್ದು ಕಾರ್ತಿಕ ಮಾಸದ ಒಂದು ಸೋಮವಾರ, ಬೆಳಿಗ್ಗೆ ಎಂಟರ ಸುಮಾರಿಗೆ. ಬಿದ್ದ ಸಪ್ಪಳ ಮೊದಲು ಕೇಳಿದ್ದು ಸಾತವ್ವನಿಗೆ. ಅವಳು ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಕೊಡ ಉರುಳಿರಬೇಕು ಎಂದುಕೊಂಡು, ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ ಬೇಯಿಸಿ ಆಮೇಲೆ ಎದ್ದಳು. ಅಷ್ಟು ಹೊತ್ತೂ ಕೆಂಪವ್ವ ಹಸಿ ಕಲ್ಲಿನ ಮೇಲೆ ಬಿದ್ದುಕೊಂಡೇ ಇದ್ದಳು. ಕೂಗಲಿಲ್ಲ. ಆ ಮನೆಯಲ್ಲಿ ಅವರಿಬ್ಬರೂ ಒಬ್ಬರನ್ನೊಬ್ಬರು ಕೂಗಿ ಕರೆದು ಎಷ್ಟೋ ವರ್ಷಗಳಾಗಿದ್ದವು.

ಇಬ್ಬರೂ ಕಾಮಣ್ಣನ ಹೆಂಡಂದಿರು. ಸಾತವ್ವ ಹಿರಿಯಳು. ಅವಳಿಗೆ ಎರಡು ಕೂಸು ಹುಟ್ಟಿ, ಎರಡೂ ವರ್ಷ ತುಂಬುವ ಮೊದಲೇ ಹೋದವು. ಆಮೇಲೆ ಐದು ವರ್ಷ ಏನೂ ಆಗಲಿಲ್ಲ. ಅತ್ತೆ ಸಾವಳಗಿಗೆ ಹೋಗಿ ಕೆಂಪವ್ವನನ್ನು ನೋಡಿ ಬಂದಳು. ಸಾತವ್ವನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಮದುವೆಗೆ ಅರಿಷಿಣ ಕುಟ್ಟುವ ಕೆಲಸ ಮಾತ್ರ ಅವಳ ಪಾಲಿಗೆ ಬಂತು. ಮೂರನೆಯ ವರ್ಷ ಕೆಂಪವ್ವನಿಗೆ ಶಶಿಕಾಂತ ಹುಟ್ಟಿದ. ಕಾಮಣ್ಣನದು ಕುರಿ ಕಾಯುವ ಮನೆತನ. ಕೆಂಪವ್ವ ಗಟ್ಟಿಮುಟ್ಟಾಗಿದ್ದಳು, ಗಂಡನ ಜೊತೆ ಕುರಿ ಹಿಂಡಿನ ಹಿಂದೆ ಹೋಗುತ್ತಿದ್ದಳು. ಕೂಸು ಸಾತವ್ವನ ಮಡಿಲಲ್ಲಿ ಉಳಿಯುತ್ತಿತ್ತು. ಮಾತು ಬಂದಾಗ ಅದು ಮೊದಲು 'ಅವ್ವ' ಎಂದದ್ದು ಸಾತವ್ವನಿಗೆ. ಮನೆಯವರು ನಕ್ಕು ಬಿಟ್ಟರು. ಹೆತ್ತವಳು ಸಣ್ಣವ್ವ ಆದಳು.

ಆರು ವರ್ಷದ ಮೇಲೆ ಮಾಯಾ ಹುಟ್ಟಿದಾಗ ಕೆಂಪವ್ವ ಆ ತಪ್ಪು ಮಾಡಲಿಲ್ಲ. ಮಗಳನ್ನು ಬೆನ್ನಿಗೆ ಕಟ್ಟಿಕೊಂಡೇ ಅಡವಿಗೆ ಹೋದಳು. ಹಾಗಾಗಿ ಮಾಯಾಳಿಗೆ ಕೆಂಪವ್ವನೇ ಅವ್ವ, ಸಾತವ್ವ ದೊಡ್ಡವ್ವ. ಒಂದೇ ಮನೆಯಲ್ಲಿ ಅಣ್ಣನಿಗೊಬ್ಬಳು ಅವ್ವ, ತಂಗಿಗೊಬ್ಬಳು ಅವ್ವ.

ಆಮೇಲೆ ಬೀಳಗಿ ಕಡೆಯ ಅವರ ಊರಿಗೆ ಆಣೆಕಟ್ಟಿನ ಹಿನ್ನೀರು ಬಂತು. ಊರು ಬಿಟ್ಟು ಪುನರ್ವಸತಿ ಕೇಂದ್ರಕ್ಕೆ ಬಂದರು. ಅಲ್ಲಿ ಕುರಿ ಮೇಯಿಸಲು ಜಾಗವಿರಲಿಲ್ಲ. ಕಾಮಣ್ಣ ಹಿಂಡು ಮಾರಿ, ಹೊಸ ಮನೆಯ ಕಟ್ಟೆಯ ಮೇಲೆ ಎರಡು ವರ್ಷ ಸುಮ್ಮನೆ ಕುಳಿತು ತೀರಿಕೊಂಡ. ಗಂಡ ಹೋದ ಮೇಲೆ ಸವತಿಯರು ಬೇರೆಯಾಗುತ್ತಾರೆ ಎಂದು ಜನ ಮಾತಾಡಿದರು. ಬೇರೆಯಾಗಲಿಕ್ಕೆ ಇಬ್ಬರಿಗೂ ಬೇರೆ ಜಾಗವಿರಲಿಲ್ಲ. ಇದ್ದರು. ಹೇಳಬೇಕಾದದ್ದನ್ನು ಸೊಸೆಯ ಮೂಲಕ ಹೇಳುತ್ತಿದ್ದರು. "ರೇಷ್ಮಾ, ನೀರ ಕಾದಾವಂತ ನಿಮ್ಮ ಸಣ್ಣತ್ತಿಗಿ ಹೇಳು" ಎಂದು ಸಾತವ್ವ ಅಂದರೆ, ಎರಡು ಮಾರು ದೂರದಲ್ಲಿದ್ದ ಕೆಂಪವ್ವ, ರೇಷ್ಮಾ ಬಾಯಿ ತೆರೆಯುವ ಮೊದಲೇ ಏಳುತ್ತಿದ್ದಳು.

ಜಮಖಂಡಿಯ ದವಾಖಾನೆಯಲ್ಲಿ ಎಕ್ಸ್‌ರೇ ಫೋಟೋ ತೆಗೆಸಿದರು. ಸೊಂಟದ ಎಲುಬು ಮುರಿದಿತ್ತು. ಡಾಕ್ಟರು ಎದೆಯನ್ನೂ ಪರೀಕ್ಷೆ ಮಾಡಿ, ಆಪರೇಶನ್ ಮಾಡಿದರೆ ಈ ಜೀವ ತಡೆದುಕೊಳ್ಳುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಮಲಗಿಸಿ ಎಂದರು. ಎಲುಬು ಅಲುಗದ ಹಾಗೆ ಕಾಲಿಗೆ ಪಟ್ಟಿ ಸುತ್ತಿ, ಅದರ ಹಗ್ಗಕ್ಕೆ ಎರಡು ಇಟ್ಟಂಗಿ ಕಟ್ಟಿ ಮಲಗುವ ಹೊರಸಿನ ಕಾಲದೆಸೆಗೆ ಇಳಿಬಿಡುವುದನ್ನು ಕಂಪೌಂಡರ್ ಶಶಿಕಾಂತನಿಗೆ ತೋರಿಸಿಕೊಟ್ಟ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ ಎಂದೂ ಹೇಳಿದ.

ಕಬ್ಬಿನ ಸುಗ್ಗಿ ಶುರುವಾಗಿತ್ತು. ಶಶಿಕಾಂತ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವನು. ಕಾರ್ಖಾನೆಯ ಮುಂದೆ ಸರದಿಯಲ್ಲಿ ನಿಂತರೆ ಎರಡು ದಿನ ಮನೆಯಿಲ್ಲ. ರೇಷ್ಮಾ ಅಂಗನವಾಡಿ ಟೀಚರ್. ಒಂಬತ್ತಕ್ಕೆ ಹೋದರೆ ಬರುವುದು ನಾಲ್ಕಕ್ಕೆ. ನಡುವಿನ ಏಳು ತಾಸು ಮನೆಯಲ್ಲಿ ಉಳಿದವರು ಅವರಿಬ್ಬರೇ. ಸಾತವ್ವನಿಗೆ ಆಗ ಎಪ್ಪತ್ತು.

ಮೊದಲ ಮೂರು ದಿನ ಸಾತವ್ವ ದನದ ಕೊಟ್ಟಿಗೆಯ ಕೆಲಸ ಮಾಡಿದ ಹಾಗೆ ಮಾಡಿದಳು. ಬಾಯಿ ಬಿಚ್ಚದೆ ಮಗ್ಗುಲು ಬದಲಿಸಿದಳು, ಒರೆಸಿದಳು, ಪೌಡರ್ ಹಚ್ಚಿದಳು, ಗಂಜಿ ಕುಡಿಸಿದಳು. ನಾಲ್ಕನೆಯ ದಿನ ನೋಡಿದರೆ ಕೆಂಪವ್ವನ ತುಟಿ ಒಡೆದು ರಕ್ತ ಬಂದಿತ್ತು. ಬೆಳಿಗ್ಗೆ ಇಟ್ಟ ತಂಬಿಗೆಯ ನೀರು ಹಾಗೆಯೇ ಇತ್ತು. ನಿನ್ನೆಯದೂ ಹಾಗೆಯೇ ಇತ್ತು ಎಂಬುದು ಸಾತವ್ವನಿಗೆ ನೆನಪಾಯಿತು.

"ನೀರ ಯಾಕ ಕುಡೀವಲ್ಲಿ?"

ಕೆಂಪವ್ವ ಕಣ್ಣು ಮುಚ್ಚಿಕೊಂಡಳು. "ಕುಡದ್ರ ಮತ್ತ ನಿನ್ನ ಕರೀಬೇಕಲ್ಲ. ನಿನ್ನ ಕೈಲೆ ನನ್ನ ಹೇಲು ಉಚ್ಚಿ ಬಳಿಸೂದು ಬ್ಯಾಡಾಗೇತಿ."

"ನಿನ್ನ ಮಗನ ಹೇಲ ಬಳದೇನಿ. ನಿಂದೇನ ದೊಡ್ಡದು, ಕುಡಿ."

ಸಾತವ್ವ ಸಿಟ್ಟಿನಲ್ಲೇ ಅಂದಿದ್ದಳು. ಕೆಂಪವ್ವ ಕಣ್ಣು ತೆರೆದು ಅವಳನ್ನೇ ನೋಡಿದಳು. "ನಿನ್ನ ಮಗ ಅಂದಿ," ಎಂದಳು.

"ಅಲ್ಲೇನು ಮತ್ತ? ನೀ ಹಡದಿ."

"ನೀ ಎಂದೂ ಅಂದಿರಲಿಲ್ಲ ಅಕ್ಕಾ."

ಸಾತವ್ವ ತಂಬಿಗೆ ಎತ್ತಿಕೊಂಡಳು. ಕತ್ತಿನ ಕೆಳಗೆ ಕೈ ಕೊಟ್ಟು ಎತ್ತಿ ಹಿಡಿದಳು. ಕೆಂಪವ್ವ ತಂಬಿಗೆಯ ನೀರನ್ನೆಲ್ಲ ಒಂದೇ ಉಸಿರಿಗೆ ಕುಡಿದಳು.

ಅಂದಿನಿಂದ ಮಾತು ಶುರುವಾಯಿತು ಎಂದರೆ ಸುಳ್ಳಾಗುತ್ತದೆ. ಮಾತಿಗೆ ಇಬ್ಬರಿಗೂ ರೂಢಿ ತಪ್ಪಿತ್ತು. ಒಂದು ದಿನ ಸೊಪ್ಪಿನ ಮಾತು, ಒಂದು ದಿನ ಎದುರು ಮನೆಯವರ ಎಮ್ಮೆಯ ಮಾತು. ರೇಷ್ಮಾ ಸಂಜೆ ಬಂದರೆ ಇಬ್ಬರೂ ಮತ್ತೆ ಸುಮ್ಮನಾಗುತ್ತಿದ್ದರು, ಏನೋ ಕದ್ದು ಮಾಡಿದವರಂತೆ. ಆದರೆ ಮಧ್ಯಾಹ್ನದ ಹೊತ್ತು ಬಹಳ ಉದ್ದವಿತ್ತು. ಬೀದಿಗಳು ಅಗಲ, ಮನೆಗಳು ದೂರ ದೂರ. ಹಳೆಯ ಊರಿನ ಹಾಗೆ ಗೋಡೆಯಾಚೆಯಿಂದ ಯಾರೂ ಕೂಗಿ ಮಾತಾಡಿಸುವವರಿಲ್ಲ. ಸಾತವ್ವ ಹೊರಸಿನ ಪಕ್ಕ ಗೋಡೆಗೆ ಬೆನ್ನು ಕೊಟ್ಟು, ಹರಿದ ಸೀರೆಗಳನ್ನು ಮಡಚಿ ಕೌದಿ ಹೊಲಿಯುತ್ತ ಕುಳಿತುಕೊಳ್ಳುತ್ತಿದ್ದಳು. ಸೂಜಿಗೆ ದಾರ ಪೋಣಿಸಲು ಅವಳಿಗೆ ಕಣ್ಣು ಸಾಲದು. ಕೆಂಪವ್ವ ಮಲಗಿದಲ್ಲಿಂದಲೇ ಪೋಣಿಸಿ ಕೊಡುತ್ತಿದ್ದಳು.

ಸಂಕ್ರಮಣದ ಮರುದಿನ ಹಾಗೆ ಕುಳಿತಿದ್ದಾಗ ಕಾಮಣ್ಣನ ಮಾತು ಬಂತು. ತೆಗೆದವಳು ಕೆಂಪವ್ವ.

"ಅಕ್ಕಾ, ಒಂದ ಕೇಳ್ತೇನಿ. ಅಂವ ನಿನ್ನ ಕೂಡ ಏನ ಮಾತಾಡತಿದ್ದ?"

"ಯಾರು?"

"ಅಂವನ. ಇಬ್ಬರೂ ಅಡಗಿಮನ್ಯಾಗ ಕುಂದರತಿದ್ರಿ. ನಾ ಹೊರಗ ಕುರಿ ಹಾಲ ಹಿಂಡತಿದ್ನಿ. ಒಳಗ ಏನ ಮಾತಾಡತಾರೋ, ಎಲ್ಲಾ ವಿಚಾರ ಅಕಿ ಕೂಡನ ಮಾಡತಾನ, ನಾ ಬರೇ ದುಡಿಯಾಕ ಬಂದೇನಿ ಅಂತ ನನಗ ಹೊಟ್ಟಿ ಉರೀತಿತ್ತು."

ಸಾತವ್ವ ಸೂಜಿ ನಿಲ್ಲಿಸಿದಳು. "ನನ್ನ ಕೂಡ? ಉಪ್ಪ ಕಡಿಮಿ ಆಗೇತಿ ಅಂತಿದ್ದ. ಇಲ್ಲಾಂದ್ರ ಉಪ್ಪ ಹೆಚ್ಚಾಗೇತಿ ಅಂತಿದ್ದ. ಮತ್ತೇನ ಮಾತಾಡ್ಯಾನ ಅಂವ? ನೀವಿಬ್ಬರೂ ದಿನಾ ಅಡವಿಗಿ ಹೋಗತಿದ್ರಿ. ಗಿಡದ ಬುಡಕ ಕುಂತ ನಕ್ಕೋಂತ ಇರತಾರ ಅಂತ ನಾ ಇಲ್ಲಿ ಬೆಂದ ಹೋಗತಿದ್ನಿ."

"ನಗೂದು?" ಕೆಂಪವ್ವನ ದನಿ ಏರಿತು. "ಅಂವ ಆ ದಂಡಿಗಿ, ನಾ ಈ ದಂಡಿಗಿ. ನಡುವ ನೂರ ಕುರಿ. ಕೂಗಿದ್ರ ಕುರಿಗಿ ಕೂಗತಿದ್ದ, ನನಗ ಅಲ್ಲ."

"ಖರೆ ಹೇಳು."

"ನಿನ್ನ ಆಣಿ."

ಸಾತವ್ವ ಸೂಜಿಯನ್ನು ಕೌದಿಗೆ ಚುಚ್ಚಿ ಇಟ್ಟಳು. ಆಮೇಲೆ ಸಾತವ್ವನಿಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ. ಕೆಂಪವ್ವನೂ ನಕ್ಕಳು, ನಕ್ಕರೆ ಸೊಂಟ ಹಿಂಡುತ್ತಿತ್ತು, "ನಗಸಬ್ಯಾಡ ಅಕ್ಕಾ, ಸಾಯ್ತೇನಿ" ಎನ್ನುತ್ತಲೇ ನಕ್ಕಳು. ನಗು ನಿಂತ ಮೇಲೆ ಸಾತವ್ವನಿಗೆ ಬಹಳ ದಣಿವಾಯಿತು. ನಲವತ್ತಾರು ವರ್ಷ ಯಾವುದಕ್ಕಾಗಿ ಹೊಟ್ಟೆ ಉರಿದುಕೊಂಡಿದ್ದಳೋ ಅದು ಅಲ್ಲಿ ಇರಲೇ ಇಲ್ಲ. ಅದು ತಿಳಿದು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ವ್ಯರ್ಥವಾಗಿ ಹೋದ ಅಷ್ಟೂ ವರ್ಷಗಳು ಒಟ್ಟಿಗೆ ಬಂದು ಹೆಗಲ ಮೇಲೆ ಕುಳಿತ ಹಾಗಾಯಿತು.

"ಒಂದೈತಿ ಅಕ್ಕಾ," ಎಂದಳು ಕೆಂಪವ್ವ, ಸೂರು ನೋಡುತ್ತ. "ಶಶ್ಯಾ ಒಂದ ಸಲನೂ ನನ್ನ ಅವ್ವಾ ಅನ್ನಲಿಲ್ಲ."

ಸಾತವ್ವ ಅದನ್ನು ಮನಸ್ಸಿಗೆ ಹಚ್ಚಿಕೊಂಡಳು. ಶಶಿಕಾಂತ ಮೂರನೆಯ ದಿನ ಕಾರ್ಖಾನೆಯಿಂದ ಬಂದು, ಮೈಮೇಲಿನ ಧೂಳು ಕೊಡವಿ ಅಂಗಳದಲ್ಲಿ ಕುಳಿತಾಗ ಹತ್ತಿರ ಹೋದಳು.

"ಅಕಿನ್ನ ಒಂದ ಸಲ ಅವ್ವಾ ಅನ್ನೋ."

"ಯಾರನ್ನ?"

"ನಿನ್ನ ಹಡದಾಕಿನ್ನ."

ಶಶಿಕಾಂತನಿಗೆ ನಲವತ್ತಮೂರು. ಅವನ ಮಗನೇ ಬೇರೆ ಊರಿನಲ್ಲಿ ಐಟಿಐ ಓದುತ್ತಿದ್ದ. ಅವನು ತಲೆ ಕೆರೆದುಕೊಂಡು ನೆಲ ನೋಡಿದ. "ಈಗ ಹೆಂಗ ಕರೀಲಿ ಬೇ ಯವ್ವಾ? ನಾಚಿಕಿ ಬರತೈತಿ."

"ನಾಚಿಕಿ ಬಂದ್ರ ಬರಲಿ. ಅನ್ನು."

ಅವನು ಎದ್ದು ಒಳಗೆ ಹೋದ. ಸಾತವ್ವ ಬಾಗಿಲ ಮರೆಯಲ್ಲಿ ನಿಂತಳು. ಶಶಿಕಾಂತ ಹೊರಸಿನ ಹತ್ತಿರ ನಿಂತು ಇಟ್ಟಂಗಿಯ ಹಗ್ಗ ಸರಿಮಾಡಿದ. ಅದು ಸರಿಯಾಗಿಯೇ ಇತ್ತು. "ಛಾ... ಛಾ ಕುಡದಿ ಏನ ಸಣ್ಣವ್ವಾ?" ಎಂದ.

"ಕುಡದ್ನಿಪಾ. ನೀ ಉಂಡ ಮಲಕೋ ಹೋಗು, ದಣದೀದಿ," ಎಂದಳು ಕೆಂಪವ್ವ.

ಮಾಘ ಮಾಸ ಬರುವ ಹೊತ್ತಿಗೆ ಸಾತವ್ವನ ಬೆನ್ನು ಕೈಕೊಟ್ಟಿತು. ಕೆಂಪವ್ವ ತಿನ್ನುತ್ತಿದ್ದದ್ದು ಒಂದು ಮುಷ್ಟಿ, ಆದರೂ ಮೈ ದಿನದಿನಕ್ಕೆ ಭಾರವಾಗುತ್ತ ಹೋದಂತೆ ಕಾಣುತ್ತಿತ್ತು. ಒಂದು ಮಧ್ಯಾಹ್ನ ಮಗ್ಗುಲು ಬದಲಿಸುವಾಗ ಸಾತವ್ವನ ಬೆನ್ನಿನಲ್ಲಿ ಏನೋ ಚಳಕ್ ಎಂದಿತು. ಅವಳು ಕೆಂಪವ್ವನ ಮೇಲೆಯೇ ಬಿದ್ದಳು. ಇಬ್ಬರೂ ಏಳಲಾರದೆ ಹಾಗೆಯೇ ಒಬ್ಬರ ಮೇಲೊಬ್ಬರು ಬಿದ್ದುಕೊಂಡಿದ್ದರು. ಕೆಂಪವ್ವ ಚೀರಲಿಲ್ಲ, ಹಲ್ಲು ಕಚ್ಚಿ ಹಿಡಿದಿದ್ದಳು. ಸಾತವ್ವ ಹೇಗೋ ಹೊರಳಿ ನೆಲಕ್ಕಿಳಿದಳು. ನಾಲ್ಕಕ್ಕೆ ರೇಷ್ಮಾ ಬಂದು ಇಬ್ಬರನ್ನೂ ನೋಡಿ, "ಅತ್ತಿ, ಹಿಂಗಾದ್ರ ಇಬ್ಬರನ್ನೂ ಮಲಗಸಬೇಕಾಗತೈತ್ರಿ" ಎಂದಳು.

ಮರುದಿನ ಬೆಳಿಗ್ಗೆ ಶಶಿಕಾಂತ ಬಂದಾಗ ಸಾತವ್ವ ಕಟ್ಟೆಯ ಮೇಲೆ ಕುಳಿತಿದ್ದಳು. ಅವನು ಕೇಳುವ ಮೊದಲೇ ಅವಳ ಬಾಯಿಂದ ಬಂತು. "ನನಗೂ ಎಪ್ಪತ್ತಾತೋ ಯಪ್ಪಾ. ಎಷ್ಟಂತ ಎತ್ತಲಿ, ಎಷ್ಟಂತ ತೊಳೀಲಿ? ಸಾಕಾತು. ಇನ್ನ ನನ್ನ ಕೈಲೆ ಆಗೂದಿಲ್ಲ."

ಕಟ್ಟೆಗೂ ಕೆಂಪವ್ವನ ಹೊರಸಿಗೂ ನಡುವೆ ಒಂದೇ ಗೋಡೆ, ಆ ಗೋಡೆಗೊಂದು ಕಿಟಕಿ. ಸಾತವ್ವನಿಗೆ ಅದು ಹೊಳೆದದ್ದು ಮಾತು ಮುಗಿದ ಮೇಲೆ.

ಶಶಿಕಾಂತ ಮುಧೋಳದಲ್ಲಿದ್ದ ತಂಗಿಗೆ ಫೋನ್ ಮಾಡಿದ. ಮೂರು ದಿನಕ್ಕೆ ಮಾಯಾ ಗಂಡನ ಜೊತೆ ಒಂದು ಟೆಂಪೋ ತಂದಳು. "ದೊಡ್ಡವ್ವಾ, ನೀ ಭಾಳ ಮಾಡೀದಿ. ಇನ್ನ ನಾ ನೋಡಕೋತೇನಿ" ಎಂದಳು. ಅದರಲ್ಲಿ ಚುಚ್ಚುಮಾತೇನೂ ಇರಲಿಲ್ಲ. ಕೆಂಪವ್ವನನ್ನು ಕೌದಿಯ ಸಮೇತ ನಾಲ್ಕು ಮಂದಿ ಎತ್ತಿದರು. ಸಾತವ್ವ ಟೆಂಪೋದ ಹತ್ತಿರ ಹೋಗಿ, "ಹೋಗಿ ಬಾ, ನನ್ನ ಬೆನ್ನ ಒಂದೀಟ ಸುಧಾರಸಲಿ" ಎಂದಾಗ ಕೆಂಪವ್ವ ಮುಖ ಆಚೆ ತಿರುಗಿಸಿದಳು.

ಸಾತವ್ವ ಎರಡು ದಿನ ಮಲಗಿದಳು. ರೇಷ್ಮಾ ಎಬ್ಬಿಸಿ ಉಣ್ಣಿಸಿದರೆ ಉಂಡು ಮತ್ತೆ ಮಲಗಿದಳು. ಮೂರನೆಯ ದಿನ ಎದ್ದು ಕೂತಳು. ಕೌದಿ ತೆಗೆದಳು, ಸೂಜಿಗೆ ದಾರ ಪೋಣಿಸಲಾಗಲಿಲ್ಲ, ಹಾಗೆಯೇ ಮಡಚಿ ಇಟ್ಟಳು. ಮನೆಯಲ್ಲಿ ಮಾಡುವ ಕೆಲಸ ಏನೂ ಇರಲಿಲ್ಲ. ಬೆನ್ನು ನೋವು ಇಳಿದಿತ್ತು, ದಣಿವು ಇಳಿದಿರಲಿಲ್ಲ. ಇಷ್ಟು ದಿನ ಕೆಲಸದಿಂದ ಆದ ದಣಿವು ಎಂದು ತಿಳಿದಿದ್ದಳು. ಈಗ ಕೆಲಸವಿಲ್ಲದೆಯೂ ಅದು ಇತ್ತು.

ಹನ್ನೆರಡನೆಯ ದಿನ ರೇಷ್ಮಾ ಅಂಗನವಾಡಿಗೆ ಹೋದ ಮೇಲೆ ಸೀರೆ ಬದಲಿಸಿ, ಎರಡು ಸಜ್ಜೆಯ ರೊಟ್ಟಿ, ಸ್ವಲ್ಪ ಶೇಂಗಾ ಚಟ್ನಿ ಕಟ್ಟಿಕೊಂಡು ಒಬ್ಬಳೇ ಬಸ್ಸು ಹತ್ತಿದಳು. ಕಂಡಕ್ಟರ್ ಎರಡು ಸಲ ಕೇಳಿದ: "ಮುಧೋಳಕ್ಕ ಯಾರ ಮನಿಗಿ ಆಯೀ? ಕರ್ಕೊಂಡ ಹೋಗಾಕ ಬರತಾರೇನು?" ಸಾತವ್ವ, "ನಮ್ಮ ತಂಗಿ ಅದಾಳ" ಎಂದಳು.

ಮಾಯಾಳ ಮನೆಯಲ್ಲಿ ಕೆಂಪವ್ವ ಪಡಸಾಲೆಯ ಮೂಲೆಯಲ್ಲಿ ಮಲಗಿದ್ದಳು. ಕೆಳಗಿನ ಹಾಸಿಗೆ ಚೊಕ್ಕವಾಗಿತ್ತು, ಬೆನ್ನು ಚೊಕ್ಕವಾಗಿತ್ತು. ಮಾಯಾ ಏನೂ ಕಡಿಮೆ ಮಾಡಿರಲಿಲ್ಲ. ಆದರೂ ಕೆಂಪವ್ವ ಅರ್ಧಕ್ಕಿಳಿದಿದ್ದಳು. ಸಾತವ್ವನನ್ನು ಕಂಡವಳೇ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

ಸಾತವ್ವ ಹತ್ತಿರ ಕುಳಿತಳು. ಬಸ್ಸಿನಲ್ಲಿ ಬರುವಾಗ ಜೋಡಿಸಿಟ್ಟ ಮಾತುಗಳೆಲ್ಲ ಇಳಿಯುವಾಗ ಎಲ್ಲೋ ಹೋಗಿದ್ದವು. ಕೆಂಪವ್ವನ ಕೂದಲು ಹಿಂದಲೆಯಲ್ಲಿ ಗಂಟು ಗಂಟಾಗಿತ್ತು. ಸಾತವ್ವ ಎಣ್ಣೆ, ಹಣಿಗೆ ಕೇಳಿ ತಂದು ಒಂದೊಂದೇ ಗಂಟನ್ನು ಬೆರಳಿನಿಂದ ಬಿಡಿಸತೊಡಗಿದಳು. ಬಿಡಿಸಿ ಮುಗಿಯಲು ಒಂದು ತಾಸು ಹಿಡಿಯಿತು. ಹೆರಳು ಹಾಕಿ ಮುಗಿಸುವ ಹೊತ್ತಿಗೆ ಗೋಡೆಯ ಕಡೆಯಿಂದ ಮಾತು ಬಂತು.

"ನಿನ್ನ ಬೆನ್ನ ಹೆಂಗೈತಿ?"

"ಆರಾಮ ಆಗೇತಿ."

"ಸುಳ್ಳ ಹೇಳತಿ. ಕುಂದರುವಾಗ ನರಳಿದ್ದ ಕೇಳೇನಿ."

"ಮನಿಗಿ ಬಾ ಕೆಂಪಿ. ಶಶ್ಯಾಗ ಹೇಳತೇನಿ, ಗಾಡಿ ತರತಾನ."

ಕೆಂಪವ್ವ ನಿಧಾನವಾಗಿ ಮುಖ ಈ ಕಡೆ ತಿರುಗಿಸಿದಳು. "ಬರ್ತೇನಿ. ಯುಗಾದಿ ಆಗಲಿ. ಅಷ್ಟರಾಗ ನೀನೂ ಒಂದೀಟ ಗಟ್ಟಿ ಆಗು. ರೊಟ್ಟಿ ತಂದೀದಿ? ಮುರದ ಕೊಡು."

ಸಾತವ್ವ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನಿಸಿದಳು. ಕೆಂಪವ್ವ ಅರ್ಧ ರೊಟ್ಟಿ ತಿಂದಳು. ಸಂಜೆಯ ಬಸ್ಸಿಗೆ ಸಾತವ್ವ ಹೊರಟು ಬಂದಳು.

ಯುಗಾದಿಗೆ ಇನ್ನೂ ಎಂಟು ದಿನವಿತ್ತು. ನಸುಕಿನಲ್ಲಿ ಮಾಯಾಳ ಫೋನ್ ಬಂತು. ಛಾ ಕೊಡಲೆಂದು ಎಬ್ಬಿಸಿದರೆ ಕೆಂಪವ್ವ ಏಳಲಿಲ್ಲ. ಎದೆ ನಿಂತುಹೋಗಿತ್ತು. ಹತ್ತು ಗಂಟೆಯ ಹೊತ್ತಿಗೆ ಅದೇ ಟೆಂಪೋದಲ್ಲಿ ಅವಳನ್ನು ಮನೆಗೆ ತಂದರು.

ಮೈ ತೊಳೆಯುವಾಗ ಹೆಂಗಸರು, "ನೀ ಆಚೀಕ ಸರಿ ಬೇ ಸಾತವ್ವಾ, ಬಗ್ಗಾಕ ಬರೂದಿಲ್ಲ ನಿನಗ" ಎಂದರು. ಸಾತವ್ವ ಸರಿಯಲಿಲ್ಲ. ಎಲ್ಲಿ ಹಿಡಿದರೆ ಹೇಗೆ ಹೊರಳುತ್ತದೆ ಎಂದು ಅವಳ ಕೈಗೆ ಗೊತ್ತಿತ್ತು. ಅವಳು ಅಳಲಿಲ್ಲ. ಅದನ್ನು ನೋಡಿದ ಒಬ್ಬಿಬ್ಬರು, ಎಷ್ಟಾದರೂ ಸವತಿ ಎಂದು ಮೆಲ್ಲಗೆ ಅಂದದ್ದು ಕಿವಿಗೆ ಬಿತ್ತು. ಅವಳು ತೊಳೆಯುತ್ತಲೇ ಇದ್ದಳು.

ಕಾಮಣ್ಣನ ಮಗ್ಗುಲಿಗೇ ತಗ್ಗು ತೆಗೆದಿದ್ದರು. ಮಣ್ಣು ಹಾಕುವಾಗ ಶಶಿಕಾಂತ ಕೈಯಲ್ಲಿ ಹಿಡಿದ ಮಣ್ಣನ್ನು ಹಾಕದೆ ನಿಂತುಬಿಟ್ಟ. ಆಮೇಲೆ ಎಲ್ಲರೂ ಬೆಚ್ಚುವ ಹಾಗೆ ದೊಡ್ಡ ದನಿ ತೆಗೆದು ಅತ್ತ. "ಸಣ್ಣವ್ವಾ, ಸಣ್ಣವ್ವಾ" ಎಂದೇ ಅತ್ತ. ದೂರದಲ್ಲಿ ಹೆಂಗಸರ ನಡುವೆ ನಿಂತಿದ್ದ ಸಾತವ್ವನಿಗೂ ಅದು ಕೇಳಿಸಿತು. ಅವನಿಗೆ ತಾಯಿಯನ್ನು ಕರೆಯಲು ಬರುತ್ತಿದ್ದದ್ದು ಅದೊಂದೇ ಹೆಸರು. ಅದನ್ನೇ ಗಂಟಲು ಹರಿಯುವಂತೆ ಕರೆಯುತ್ತಿದ್ದ.

ಕೆಂಪವ್ವನ ದಿವಸದ ಕಾರ್ಯ ಮುಗಿದ ಮೇಲೆ ಮಾಯಾ ನಾಲ್ಕು ದಿನ ಉಳಿದಳು. ಎರಡನೆಯ ದಿನ ಮಧ್ಯಾಹ್ನ, ರೇಷ್ಮಾ ಇಲ್ಲದ ಹೊತ್ತಿನಲ್ಲಿ, ಸಾತವ್ವ ಅವಳಿಗೆ ಹೇಳಿದಳು.

"ನಾ ಅಕಿನ್ನ ಕಳಸಬಾರದಿತ್ತ. ಸಾಕಾತು ಅಂದ ಬಿಟ್ನಿ. ಅಕಿ ಕೇಳಿಸಿಕೊಂಡ್ಲು."

"ದೊಡ್ಡವ್ವಾ, ಅವ್ವ ಒಂದ ದಿನನೂ ಹಂಗ ಅನ್ನಲಿಲ್ಲ. ಅಕ್ಕಗ ಬ್ಯಾನಿ ಆಗೇತಿ, ನಾಕ ದಿನ ಮಲಕೊಳ್ಳಲಿ ಅಂತಿದ್ಲು."

ಅದು ನಿಜವೋ, ಮುದುಕಿಗೆ ಸಮಾಧಾನವಾಗಲಿ ಎಂದು ಹೇಳಿದ್ದೋ ಸಾತವ್ವನಿಗೆ ಗೊತ್ತಾಗಲಿಲ್ಲ. ಮತ್ತೊಮ್ಮೆ ಕೇಳಬೇಕು ಎನಿಸಲಿಲ್ಲ. ಕೇಳಿದರೂ ಮಾಯಾ ಅದನ್ನೇ ಹೇಳುತ್ತಿದ್ದಳು.

ಮಾಯಾ, "ಅವ್ವ ಸಣ್ಣಾಕಿದ್ದಾಗ ಹೆಂಗಿದ್ಲು ದೊಡ್ಡವ್ವಾ?" ಎಂದು ಕೇಳಿದಳು. "ಸಾವಳಗ್ಯಾಗ ಈಗ ಕೇಳಾಕ ಯಾರೂ ಉಳದಿಲ್ಲ."

ಸಾತವ್ವ ಯೋಚಿಸಿದಳು. ಹದಿನೆಂಟರ ಕೆಂಪವ್ವನನ್ನು ಕಂಡವರಲ್ಲಿ ಈಗ ಬದುಕಿರುವವಳು ತಾನೊಬ್ಬಳೇ ಎಂಬುದು ಅವಳಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

"ಮದುಮಗಳಾಗಿ ಬಂದಾಗ ಉಡ್ಯಾಗ ಒಂದ ಕುರಿಮರಿ ಹಿಡಕೊಂಡ ಬಂದಿದ್ಲು," ಎಂದಳು. "ತಾಯಿ ಸತ್ತ ಮರಿ. ತವರಮನ್ಯಾಗ ಬಿಟ್ರ ಸಾಯತೈತಿ ಅಂತ ತಂದಿದ್ಲು. ನಮ್ಮತ್ತಿ ಬೈದ್ಲು, ಕೆಳಗ ಇಡು ಅಂದ್ಲು. ಇಡಲಿಲ್ಲ. ಎರಡ ದಿನ ಯಾರ ಕೂಡನೂ ಮಾತಾಡಲಿಲ್ಲ. ಮೂರನೇ ದಿನ ನನ್ನ ಹಂತೇಲಿ ಬಂದ್ಲು. ಅಕ್ಕಾ, ಮರಿಗಿ ಒಂದೀಟ ಹಾಲ ಐತೇನ ಅಂದ್ಲು. ಅದ ಅಕಿ ನನ್ನ ಕೂಡ ಆಡಿದ ಮೊದಲನೇ ಮಾತು."

"ಕೊಟ್ಟಿ?"

"ಇಲ್ಲ ಅಂದ್ನಿ." ಸಾತವ್ವ ಮಾಯಾಳ ಮುಖ ನೋಡಲಿಲ್ಲ. "ಹಾಲ ಇತ್ತ. ಗಡಿಗಿ ತುಂಬ ಇತ್ತ. ಇಲ್ಲ ಅಂದ್ನಿ."

ಹೊರಗೆ ಖಾಲಿ ಟ್ರ್ಯಾಕ್ಟರ್ ಒಂದು ಸದ್ದು ಮಾಡುತ್ತ ಹೋಯಿತು.

"ಮರಿ ಬದಕಿತೇನ?"

"ಬದಕಿತು. ಎಲ್ಲಿಂದ ತಂದ ಕುಡಸಿದ್ಲೋ, ಬದಕಿಸಿಕೊಂಡ್ಲು."

ಮಾಯಾ ಎದ್ದು ಅಡುಗೆಮನೆಗೆ ಹೋದಳು. ಛಾಕ್ಕೆ ನೀರಿಟ್ಟ ಸಪ್ಪಳ ಕೇಳಿಸಿತು. "ಸಕ್ರಿ ಎಷ್ಟ ಹಾಕಲಿ ದೊಡ್ಡವ್ವಾ?" ಎಂದು ಅಲ್ಲಿಂದಲೇ ಕೇಳಿದಳು. ಸಾತವ್ವ ಗೋಡೆಗೆ ತಲೆ ಆನಿಸಿ, "ನಿನಗ ತಿಳದಷ್ಟ ಹಾಕು" ಎಂದಳು.